ಎಂಟು ಕಿಲೋಮೀಟರಿನ ಆಚೆ

ಆ ಭಾನುವಾರ ಅಕ್ಕ ನನ್ನನ್ನು ಆ ಪ್ರಶ್ನೆ ಕೇಳಿದ್ದು ಹಿತ್ತಲಲ್ಲೋ ಅಡುಗೆಮನೆಯಲ್ಲೋ ನನಗೆ ಖಚಿತವಿಲ್ಲ. ಕೇಳಿದಳೇ ಎಂಬುದೇ ಒಮ್ಮೊಮ್ಮೆ ಅನುಮಾನ. ನನ್ನ ನೆನಪಿನಲ್ಲಿ ಅವಳು ಒಗೆಯುವ ಕಲ್ಲಿನ ಪಕ್ಕ ನಿಂತಿದ್ದಾಳೆ, ಕೈಯಲ್ಲಿ ಖಾಲಿ ಕಾಫಿ ಲೋಟಗಳಿವೆ, ಒಳಗೆ ಅವಳನ್ನು ನೋಡಲು ಗೂಳೂರಿನಿಂದ ಬಂದವರು ಕೂತಿದ್ದಾರೆ. ಆದರೆ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಗೆ ಒಗೆಯುವ ಕಲ್ಲು ಹಾಕಿಸಿದ್ದು ಅದಾಗಿ ಒಂದು ವರ್ಷದ ಮೇಲೆ ಎಂದು ಅಮ್ಮ ಹೇಳುತ್ತಾಳೆ. ಅಂದರೆ ಕಲ್ಲು ಸುಳ್ಳು. ಕಲ್ಲು ಸುಳ್ಳಾದ ಮೇಲೆ ಅದರ ಪಕ್ಕ ನಿಂತವಳ ಮಾತನ್ನು ಎಷ್ಟು ನಂಬಬೇಕು? ಮೈಸೂರಿನಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ನಾನು ಕಲಿತದ್ದು ಇಂಥ ಪ್ರಶ್ನೆ ಕೇಳುವುದನ್ನು ಮಾತ್ರ. ಅದು ಬೇರೆ ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ. ನನಗೆ ಬೇಡವಾದ ನೆನಪುಗಳ ಮೇಲೆ ಅನುಮಾನ ಹಾಕುವುದಕ್ಕೆ ಮಾತ್ರ ಚೆನ್ನಾಗಿ ಬಂತು.

ಅನುಮಾನವಿಲ್ಲದ್ದರಿಂದ ಶುರು ಮಾಡುತ್ತೇನೆ. ಅಕ್ಕ ಉದ್ದ. ಎಪ್ಪತ್ತರ ದಶಕದಲ್ಲಿ ಅವಳು ಹೈಸ್ಕೂಲಿನಲ್ಲಿದ್ದಾಗಲೇ ನಮ್ಮ ಮನೆಯ ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದಳು. ಬೀದಿಯ ಹೆಂಗಸರು ಅವಳಿಗೆ ‘ಗಳ’ ಎಂದು ಹೆಸರಿಟ್ಟಿದ್ದರು. ಅಪ್ಪ ತೀರಿಕೊಂಡಿದ್ದರು; ಗಂಡು ಹುಡುಕುವ ಕೆಲಸ ಅಮ್ಮನದು. ಗಂಡಿನ ಕಡೆಯವರು ಬರುವ ಮೊದಲೇ ಅಮ್ಮ ಅವಳನ್ನು ಚಾಪೆಯ ಮೇಲೆ ಕೂರಿಸಿಬಿಡುತ್ತಿದ್ದಳು. ಕಾಫಿ ತಂದುಕೊಡಲು ಪಕ್ಕದ ಮನೆಯ ಹೆಂಗಸು.

“ಅವ್ರು ಹೋಗೋವರ್ಗೂ ಏಳ್ಬೇಡ ಕಣೇ. ಕಾಲು ಜೋಮು ಹಿಡಿದ್ರೂ ಏಳ್ಬೇಡ.”

“ಮದ್ವೆ ಆದ್ಮೇಲೂ ಕೂತ್ಕಂಡೇ ಇರ್ಬೇಕೇನಮ್ಮ?” ಎಂದು ಅಕ್ಕ ಕೇಳುತ್ತಿದ್ದಳು.

ಯಾರಾದರೂ ಒಬ್ಬರು, ಸಾಮಾನ್ಯವಾಗಿ ಹುಡುಗನ ತಾಯಿ, “ಎದ್ದು ನಿಂತ್ಕೋ ಮಗಳೇ” ಎನ್ನುತ್ತಿದ್ದರು. ಅಕ್ಕ ನಿಲ್ಲುತ್ತಿದ್ದಳು. ಊರಿಗೆ ಹೋಗಿ ಕಾಗದ ಹಾಕುತ್ತೇವೆ ಎಂದು ಹೇಳಿ ಅವರು ಹೊರಡುತ್ತಿದ್ದರು. ಹೀಗೆ ಏಳು ಸಲವೋ ಎಂಟು ಸಲವೋ ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ವಿಮಾನ ಅಪಹರಣದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ವಿಮಾನ ನಿಲ್ದಾಣಗಳಲ್ಲಿ ಹೆಂಗಸರನ್ನು ತಪಾಸಣೆ ಮಾಡಲು ಹೆಂಗಸರೇ ಬೇಕು ಎಂದು ಸರ್ಕಾರಕ್ಕೆ ಅನ್ನಿಸಿತು. ನಮ್ಮ ಜಿಲ್ಲೆಯಿಂದಲೂ ಹುಡುಗಿಯರನ್ನು ಆರಿಸಲು ತುಮಕೂರಿನ ಬಟವಾಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ನೇಮಕಾತಿ ಕಚೇರಿ ತೆರೆದರು. ಎಂ.ಎ. ಮುಗಿಸಿ ಕೆಲಸವಿಲ್ಲದೆ ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡಿದ್ದ ನಾನು ಅಲ್ಲಿ ಹಂಗಾಮಿ ಟೈಪಿಸ್ಟ್ ಆದೆ. ನಾನು ಟೈಪು ಮಾಡಿದ ಮೊದಲ ಕಾಗದವೇ ಅರ್ಹತೆಗಳ ಪಟ್ಟಿ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅವಿವಾಹಿತರಾಗಿರಬೇಕು, ಸೇರಿದ ಮೇಲೂ ಎರಡು ವರ್ಷ ಮದುವೆಯಾಗಬಾರದು, ಎತ್ತರ ಇಷ್ಟಕ್ಕಿಂತ ಕಡಿಮೆ ಇರಬಾರದು. ಸಂಜೆ ಅದರ ಕಾರ್ಬನ್ ಪ್ರತಿಯನ್ನು ಮನೆಗೆ ತಂದು ಅಕ್ಕನಿಗೆ ಕೊಟ್ಟೆ. ಅವಳು ಎತ್ತರದ ಸಾಲನ್ನು ಎರಡು ಸಲ ಓದಿದಳು.

“ಇದಕ್ಕೂ ಒಂದು ಕೆಲ್ಸ ಐತಾ?” ಎಂದಳು. ‘ಇದಕ್ಕೂ’ ಎನ್ನುವಾಗ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು.

ತರಬೇತಿಗೆಂದು ಬೊಂಬಾಯಿಯಿಂದ ಲೋಹ ಪತ್ತೆ ಹಚ್ಚುವ ಒಂದು ಚೌಕಟ್ಟು ಬಂದಿತ್ತು. ಬಾಗಿಲಿಲ್ಲದ ಬಾಗಿಲುವಾಡದ ಹಾಗಿದ್ದ ಅದನ್ನು ಕಚೇರಿಯ ನಡುಮನೆಯಲ್ಲಿ ನಿಲ್ಲಿಸಿದ್ದರು. ಅದಕ್ಕೆ ಬೇಕಾದ ಯಾವುದೋ ಭಾಗ ಆಮೇಲೆ ಬರಬೇಕಾಗಿತ್ತು, ಬರಲೇ ಇಲ್ಲ. ಚೌಕಟ್ಟನ್ನು ಕಾಯಲು ಮಾತ್ರ ಒಬ್ಬ ಕಾವಲುಗಾರನನ್ನು ನೇಮಿಸಿದರು. ಅವನು ತನ್ನ ಟವೆಲನ್ನು ಅದರ ಮೇಲೆ ಒಣಗಹಾಕುತ್ತಿದ್ದ. ಮೊದಲ ದಿನ ಎತ್ತರ ಅಳೆಸಿಕೊಳ್ಳಲು ಬಂದ ಹುಡುಗಿಯರಿಗೆ ಒಬ್ಬೊಬ್ಬರಾಗಿ ಅದರೊಳಗಿಂದ ಬನ್ನಿ ಎಂದರು. ಮುಂದಿದ್ದವಳು ಚಪ್ಪಲಿ ಕಳಚಿ, ಬಗ್ಗಿ, ಚೌಕಟ್ಟಿನ ಕೆಳಗಿನ ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗಾಲಿಟ್ಟು ದಾಟಿದಳು. ಅವಳನ್ನು ನೋಡಿ ಎಲ್ಲರೂ ಹಾಗೇ ಮಾಡಿದರು. ಅಕ್ಕನೂ ಮಾಡಿದಳು. ಅದರಡಿಯಲ್ಲಿ ಅವಳು ತಲೆ ತಗ್ಗಿಸಬೇಕಾಗಿರಲಿಲ್ಲ. ನಾನು ನಗು ತಡೆದುಕೊಂಡು ಟೈಪ್‌ರೈಟರಿನ ಮೇಲೆ ಬಗ್ಗಿದ್ದೆ. ಈಗ ಆ ನಗುವನ್ನು ನೆನೆದರೆ ನಾಚಿಕೆಯಾಗುತ್ತದೆ.

ಆಯ್ಕೆ ಒಂದು ವಾರದ ಕೆಲಸ. ಅದು ಒಂದೂವರೆ ವರ್ಷ ನಡೆಯಿತು. ಯಾಕೆ ಎಂಬುದು ಪ್ರವಾಸದ ಬಿಲ್ಲುಗಳನ್ನು ಟೈಪು ಮಾಡುತ್ತಿದ್ದ ನನಗೆ ಬೇಗ ತಿಳಿಯಿತು. ಕೇಂದ್ರ ಸ್ಥಾನದಿಂದ ಎಂಟು ಕಿಲೋಮೀಟರಿನ ಆಚೆ ಹೋದರೆ ಮಾತ್ರ ಅಧಿಕಾರಿಗಳಿಗೆ ದಿನಭತ್ಯೆ. ಹಾಗಾಗಿ ಎತ್ತರ ಅಳೆಯುವುದು ತುಮಕೂರಿನಲ್ಲಾದರೆ, ಸರ್ಟಿಫಿಕೇಟು ನೋಡುವುದು ಗುಬ್ಬಿಯಲ್ಲಿ, ಸಂದರ್ಶನ ಕುಣಿಗಲ್ಲಿನಲ್ಲಿ. ಆಯ್ಕೆ ಸಮಿತಿಯ ಇಬ್ಬರು ಬೆಂಗಳೂರಿನಿಂದ ಬರುತ್ತಿದ್ದರು. ಪ್ರತಿ ಸಲ ಅವರು ಬಂದಾಗ ಹಿಂದಿನ ಅಳತೆ ಸರಿಯಿದೆಯೇ ಎಂದು ಮತ್ತೊಮ್ಮೆ ಅಳೆಸುತ್ತಿದ್ದರು. ಕುಣಿಗಲ್ ಕಡೆಯ ಹುಡುಗಿಯರು ಕೈಯಿಂದ ಬಸ್ಸಿನ ದುಡ್ಡು ಹಾಕಿಕೊಂಡು, ತುಮಕೂರಿನಲ್ಲಿ ಬಸ್ಸು ಬದಲಿಸಿ ಗುಬ್ಬಿಗೆ ಹೋದರು. ಗುಬ್ಬಿಯವರು ಅದೇ ರೀತಿ ಕುಣಿಗಲ್ಲಿಗೆ.

ಗೂಳೂರಿನ ಹೈಸ್ಕೂಲಿನವರು ತಮ್ಮಲ್ಲೇ ದೊಡ್ಡ ಹಾಲ್ ಇದೆ, ಎಲ್ಲವನ್ನೂ ಒಂದೇ ದಿನ ಮುಗಿಸಿ ಎಂದು ಕಾಗದ ಬರೆದಿದ್ದರು. ಕಚೇರಿಯ ಮುಖ್ಯಸ್ಥರಾಗಿದ್ದ ನಮ್ಮ ಸಾಹೇಬರು ಆ ಕಾಗದವನ್ನು ಓದಿ ಪಕ್ಕಕ್ಕಿಟ್ಟರು. ಜೀಪಿನ ಡ್ರೈವರು ಹೊರಗೆ ಬೀಡಿ ಹಚ್ಚುತ್ತಾ ನನಗೆ ಕಾರಣ ಹೇಳಿದ.

“ಗೂಳೂರು ಎಷ್ಟು ದೂರ ಐತೆ ಸಾಮಿ? ಆರೇಳು ಕಿಲೋಮೀಟ್ರು. ಅಲ್ಲಿ ಸಾಹೇಬ್ರಿಗೆ ಹೊಟ್ಟೆ ಹಸಿಯಾಕಿಲ್ಲ. ಎಂಟು ದಾಟಿದ್ ಮ್ಯಾಲೇ ಹಸಿವು ಶುರು ಆಯ್ತದೆ.”

“ಮೂರು ಜನಾನೂ ನಿನ್ನ ಜೀಪಲ್ಲೇ ಬರ್ತಾರೆ. ಬಿಲ್ಲು ಮಾತ್ರ ಮೂರು ಯಾಕೆ?”

“ಬುಡಿ ಸಾಮಿ, ನೀವು ಓದ್ದೋರು. ಒಂದು ಜೀಪಿಗೆ ನಾಕು ಚಕ್ರ. ನನಗೂ ಒಂದು ಸೇರಿಸಿ ಅಂತ ಕೇಳಿದ್ನಾ?”

ಗುಬ್ಬಿಯಲ್ಲಿ ಅಳೆಯುವ ಹಲಗೆ ಇರಲಿಲ್ಲ. ಅದನ್ನು ಜೀಪಿನಲ್ಲಿ ತರುವುದು ಮರೆತಿದ್ದರು. ಶಾಲೆಯ ಗೋಡೆಗೆ ಹುಡುಗಿಯರನ್ನು ಒರಗಿಸಿ ತಲೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಟೇಪಿನಿಂದ ಅಳೆದರು. ಎಲ್ಲರ ಗೆರೆಗಳೂ ಒಂದರ ಮೇಲೊಂದು ಗುಂಪಾಗಿದ್ದವು. ಅಕ್ಕನದು ಒಂಟಿಯಾಗಿ ಮೇಲಿತ್ತು. ಒಬ್ಬ ಅಧಿಕಾರಿ ಅದನ್ನು ನೋಡಿ, “ಇವಳನ್ನ ನಿಲ್ಸಿಬಿಟ್ರೆ ಸಾಕು, ಕಳ್ಳಿಯರು ಹೆದ್ರಿ ಓಡ್ತಾರೆ” ಎಂದರು. ಹುಡುಗಿಯರು ನಕ್ಕರು. ಎತ್ತರದ ಮಾತಿಗೆ ಅಕ್ಕನೂ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಗೂಳೂರಿನ ಸಂಬಂಧ ಬಂದದ್ದು ಎರಡನೆಯ ಚಳಿಗಾಲದಲ್ಲಿ. ಹುಡುಗ ಗೂಳೂರಿನಲ್ಲೇ ಪ್ರೈಮರಿ ಶಾಲೆಯ ಮೇಷ್ಟ್ರು, ಮನೆಗೆ ಸಣ್ಣದೊಂದು ತೆಂಗಿನ ತೋಟ. ಅವರು ಒಂದು ಕಾರ್ಡು ಬರೆದು, ಬರುವ ಭಾನುವಾರ ಬೆಳಿಗ್ಗೆ ಬರುತ್ತೇವೆ ಎಂದರು. ಮೇಷ್ಟ್ರು, ಅವರ ತಂದೆ, ಒಬ್ಬ ಅತ್ತೆ ಬಂದರು. ಅಮ್ಮ ಎಂದಿನಂತೆ ಅಕ್ಕನನ್ನು ಕೂರಿಸಿದ್ದಳು. ಅವರು ಒಳಗೆ ಕಾಲಿಟ್ಟ ತಕ್ಷಣ ಅಕ್ಕ ತಾನೇ ಎದ್ದು ನಿಂತಳು. ನಿಂತೇ ನಮಸ್ಕಾರ ಮಾಡಿದಳು. ಅಮ್ಮ ಬಾಗಿಲಿನ ಮರೆಗೆ ಸರಿದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೇಷ್ಟ್ರು ಅಕ್ಕನಿಗಿಂತ ನಾಲ್ಕು ಬೆರಳು ಕಡಿಮೆ ಇದ್ದರು. ಅವರ ಅತ್ತೆ ಇಬ್ಬರನ್ನೂ ಒಮ್ಮೆ ನೋಡಿ, “ಹುಡುಗಿ ಒಸಿ ಉದ್ದ ಆಯ್ತೇನೋ” ಎಂದರು.

ಮೇಷ್ಟ್ರು ನೆಲ ನೋಡುತ್ತಾ ಹೇಳಿದರು: “ನಮ್ಮ ತೋಟದಲ್ಲಿರೋರೆಲ್ಲ ನನಗಿಂತ ಉದ್ದಾನೇ ಅತ್ತೆ. ಇನ್ನೊಬ್ರು ಬಂದ್ರೆ ಏನಾಯ್ತು?”

ಅಕ್ಕ ನಕ್ಕುಬಿಟ್ಟಳು. ಕೈಯಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ. ಈ ದೃಶ್ಯವನ್ನು ನಾನು ಅನುಮಾನಿಸುವುದಿಲ್ಲ. ಅಮ್ಮನಿಗೂ ಇದು ಹೀಗೇ ನೆನಪಿದೆ, ಅಕ್ಕನಿಗೂ ಇದೆ.

ವಿಮಾನ ನಿಲ್ದಾಣದ ಕೆಲಸದ ವಿಷಯವನ್ನು ಅಮ್ಮ ಮುಚ್ಚಿಡಲಿಲ್ಲ. ಮೇಷ್ಟ್ರ ತಂದೆ ಅದನ್ನು ಕೇಳಿ, “ನೋಡೀಮ್ಮ, ಸರ್ಕಾರಿ ಕೆಲ್ಸ ಬರೋದು ಖಂಡಿತ ಅಂದ್ರೆ ನಾವು ಅಡ್ಡ ಬರಲ್ಲ. ನಮ್ಗೆ ಎರಡು ವರ್ಷ ಕಾಯಕ್ ಆಗಲ್ಲ, ಬೇರೆ ಕಡೆ ನೋಡ್ಕೊತೀವಿ. ಬರಲ್ಲ ಅನ್ನೋದಾದ್ರೆ ಈ ವೈಶಾಖದಲ್ಲೇ ಮುಗಿಸಣ. ಹೊರಡೋದ್ರೊಳಗೆ ಒಂದು ಮಾತು ಹೇಳ್ಬುಡಿ” ಎಂದರು. ಹಳ್ಳಿಯ ದೊಡ್ಡವರ ಮಾತು, ಅದರಲ್ಲಿ ಒತ್ತಾಯವಿರಲಿಲ್ಲ.

ಆಗ ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದಳು. ನಾನು ಹಿಂದೆ ಹೋದೆ, ಅಥವಾ ಅಲ್ಲೇ ಇದ್ದೆ.

“ನೀನು ಆ ಆಫೀಸಲ್ಲೇ ಕೂತಿದೀಯ. ಬರುತ್ತಾ, ಇಲ್ವಾ? ಸುತ್ತಿ ಬಳಸಿ ಹೇಳ್ಬೇಡ. ಒಂದು ಮಾತು.”

“ಬರುತ್ತೆ” ಎಂದೆ.

ಅವಳು ನನ್ನ ಮುಖವನ್ನು ನೋಡುತ್ತಾ ನಿಂತಳು. ಆಮೇಲೆ ಲೋಟಗಳನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹೊರಗೆ ಹೋದಳು. ಗೂಳೂರಿನವರು ಹನ್ನೊಂದೂವರೆಯ ಬಸ್ಸಿಗೆ ಹೊರಟರು. ಮೇಷ್ಟ್ರು ಬೀದಿಯ ತಿರುವಿನಲ್ಲಿ ಒಂದು ಸಲ ಹಿಂದಿರುಗಿ ನೋಡಿದರು. ಅಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಆ ಬಾಗಿಲಲ್ಲಿ ಅವಳು ಬೇರೆ ರೀತಿ ನಿಲ್ಲುವಂತಿರಲಿಲ್ಲ.

ಇನ್ನು ಆ ಕಾಗದ. ಚಳಿಗಾಲದ ಕೊನೆಯಲ್ಲಿ ಒಂದು ದಿನ ಟಪಾಲಿನಲ್ಲಿ ಕಂದು ಬಣ್ಣದ ಲಕೋಟೆ ಬಂತು. ಟಪಾಲು ಒಡೆಯುವುದು, ಪುಸ್ತಕದಲ್ಲಿ ನಂಬರು ಹಾಕಿ ವಿಷಯ ಬರೆಯುವುದು ನನ್ನದೇ ಕೆಲಸ. ಉಕ್ಕಿನ ಅಡಿಕೋಲಿನಿಂದ ಒಡೆದೆ. ಮಹಿಳಾ ತಪಾಸಣೆ ಹುದ್ದೆಗಳನ್ನು ಮುಂದಿನ ಆದೇಶದವರೆಗೆ ಭರ್ತಿ ಮಾಡಬಾರದು ಎಂದು ಅದರಲ್ಲಿತ್ತು. ಸಾಹೇಬರು ಓದಿದರು, ಕನ್ನಡಕ ತೆಗೆದರು, ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

“ಇದು ಇಲ್ಲೇ ಇರ್ಲಿ. ಪ್ರವಾಸದ ಅನುದಾನ ಇನ್ನೂ ಉಳಿದಿದೆ, ಮಾರ್ಚ್ ಕಳೀಲಿ. ಕುಣಿಗಲ್ ಸಂದರ್ಶನಕ್ಕೆ ಕಾಗದ ಹೋಗ್ಲಿ. ಏನಪ್ಪ, ನಿನ್ನ ಹಂಗಾಮೀನೂ ಮಾರ್ಚ್‌ವರೆಗೇ ಅಲ್ವಾ?”

ಖರ್ಚು ಮಾಡದೆ ಉಳಿಸಿದರೆ ಮುಂದಿನ ವರ್ಷ ಅಷ್ಟು ಕಡಿಮೆ ಮಂಜೂರಾಗುತ್ತದೆ ಎಂಬುದು ಎಲ್ಲ ಕಚೇರಿಗಳಿಗೂ ಗೊತ್ತಿತ್ತು. ಸಾಹೇಬರು ಕೆಟ್ಟವರಲ್ಲ. ಅಭ್ಯರ್ಥಿಗಳಿಗೆ ಕುಡಿಯುವ ನೀರು ಇಡಿಸಿದಿರಾ ಎಂದು ಪ್ರತಿ ಸಲವೂ ಕೇಳುತ್ತಿದ್ದವರು. ನಾನು ಕುಣಿಗಲ್ಲಿನ ಕರೆಗಳನ್ನು ಟೈಪು ಮಾಡಿದೆ. ಅದರಲ್ಲಿ ಅಕ್ಕನ ಹೆಸರಿನದೂ ಒಂದು.

ಕುಣಿಗಲ್ಲಿಗೆ ಹೋದ ದಿನ ನನಗೆ ವಿಷಯ ಗೊತ್ತಿತ್ತು. ಇದರಲ್ಲಿ ನನಗೆ ಯಾವ ವಿನಾಯಿತಿಯೂ ಇಲ್ಲ. ಬೆಳಿಗ್ಗೆ ನಾನು ಕಡತಗಳನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನ ಹಿಂದುಗಡೆ ಕೂತಿದ್ದೆ. ಕುಣಿಗಲ್ಲಿನ ರಸ್ತೆ ಗೂಳೂರನ್ನು ಹಾದೇ ಹೋಗಬೇಕು. ಗೂಳೂರಿನ ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ನಿಂತಿತ್ತು. ಡ್ರೈವರು ಅದರ ಪಕ್ಕದಲ್ಲಿ ಜೀಪು ನುಗ್ಗಿಸಿದಾಗ ಕಿಟಕಿಯಲ್ಲಿ ಅಕ್ಕನನ್ನು ಕಂಡೆ. ಕೂತಿದ್ದರೂ ಅವಳ ತಲೆ ಉಳಿದವರಿಗಿಂತ ಮೇಲಿತ್ತು. ಇಸ್ತ್ರಿ ಮಾಡಿದ ನೀಲಿ ಕಾಟನ್ ಸೀರೆ, ಮಡಿಲಲ್ಲಿ ಸರ್ಟಿಫಿಕೇಟಿನ ರಟ್ಟು. ಅವಳು ಮೇಷ್ಟ್ರ ಶಾಲೆಯ ಕಡೆಗೆ ನೋಡುತ್ತಿದ್ದಳು ಎಂದು ನನ್ನ ನೆನಪು. ಶಾಲೆ ರಸ್ತೆಯ ಯಾವ ಬದಿಗಿದೆ ಎಂದು ಆಮೇಲೆ ಹೋಗಿ ನೋಡಬಹುದಾಗಿತ್ತು. ನೋಡಲಿಲ್ಲ. ಕೆಲವನ್ನು ಪರೀಕ್ಷಿಸುವ ಧೈರ್ಯ ನನಗಿಲ್ಲ.

ಸಂದರ್ಶನದಲ್ಲಿ ಒಬ್ಬ ಆಯಾಳನ್ನು ನಿಲ್ಲಿಸಿ ತಪಾಸಣೆ ಮಾಡಿ ತೋರಿಸು ಎಂದರು. ಆಯಾಳ ಸೊಂಟದಲ್ಲಿ ಬೇಕೆಂದೇ ಒಂದು ಬೀಗದ ಕೈ ಸಿಕ್ಕಿಸಿದ್ದರು. ಬೇರೆಯವರು ಸಂಕೋಚದಿಂದ ಮೇಲೆ ಮೇಲೆ ಮುಟ್ಟಿ ಬಿಟ್ಟರು. ಅಕ್ಕ, “ಅಮ್ಮಾ, ಮುಟ್ತೀನಿ, ಬೇಜಾರ್ ಮಾಡ್ಕೋಬೇಡಿ” ಎಂದು ಕೇಳಿ, ಮಗುವಿನ ಮೈ ತಡವುವ ಹಾಗೆ ತಡವಿ, ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಬೆಂಗಳೂರಿನ ಅಧಿಕಾರಿ ‘ಗುಡ್’ ಎಂದರು. ಅವರಿಗೆ ವಿಷಯ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಅಂಕಗಳನ್ನು ಬರೆದುಕೊಂಡೆ. ಎಲ್ಲರಿಗಿಂತ ಹೆಚ್ಚು ಅಕ್ಕನಿಗೇ ಬಂದಿತ್ತು.

ಹೊರಗೆ ಬಂದವಳು ನನ್ನನ್ನು ಕಂಡು ಕಣ್ಣಲ್ಲೇ ಕೇಳಿದಳು. ನಾನು ತಲೆಯಾಡಿಸಿದೆ. ಚೆನ್ನಾಗಿ ಮಾಡಿದೆ ಎಂಬುದಕ್ಕೆ ಆಡಿಸಿದ್ದು. ಅವಳು ಅದನ್ನು ಯಾವುದಕ್ಕೆಂದು ತಿಳಿದಳೋ.

ಮಾರ್ಚ್ ಕಳೆಯಿತು. ಏಪ್ರಿಲಿನಲ್ಲಿ ಡ್ರಾಯರಿನ ಕಾಗದ ಹೊರಗೆ ಬಂತು. ಕಚೇರಿ ಮುಚ್ಚಿತು, ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ನನ್ನ ಹಂಗಾಮಿ ಮುಗಿಯಿತು. ಗೂಳೂರಿನ ಮೇಷ್ಟ್ರಿಗೆ ವೈಶಾಖದಲ್ಲಿ ಗುಬ್ಬಿ ಕಡೆಯ ಹುಡುಗಿಯೊಂದಿಗೆ ಮದುವೆಯಾಯಿತು. ಅಮ್ಮ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಆಡಿದಳು. ಅಕ್ಕ ಒಂದು ದಿನವೂ ಮಾತು ಬಿಡಲಿಲ್ಲ. ಬಟವಾಡಿಯ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಂಡು ಸರದಿಯ ಚೀಟಿ ಕೊಡುವ ಕೆಲಸಕ್ಕೆ ಸೇರಿದಳು. ಕೂತು ಮಾಡುವ ಕೆಲಸ. ಆಮೇಲೆ ಯಾವ ಸಂಬಂಧವನ್ನೂ ಅವಳು ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಬರುವುದೂ ನಿಂತಿತು.

ನಾನು ಇಟ್ಟುಕೊಂಡಿದ್ದ ಸಮಾಧಾನ ಒಂದೇ. ಭಾನುವಾರ ‘ಬರುತ್ತೆ’ ಎಂದಾಗ ನನಗೆ ಗೊತ್ತಿರಲಿಲ್ಲ. ಕಾಗದ ಬಂದದ್ದು ಆಮೇಲೆ. ಗೂಳೂರಿನವರು ಆಗಲೇ ಬೇರೆ ಕಡೆ ಮಾತಾಡಿದ್ದರು, ಹೇಳಿ ಪ್ರಯೋಜನವಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಹೀಗೆಂದು ನಾನು ನಂಬಿದ್ದೆ. ಲಕೋಟೆ ಒಡೆದ ನೆನಪಿಗೂ ಭಾನುವಾರದ ನೆನಪಿಗೂ ನಡುವೆ ಯಾವುದು ಮೊದಲು ಎಂದು ಹೇಳುವ ಗುರುತೇನೂ ನನ್ನ ತಲೆಯಲ್ಲಿರಲಿಲ್ಲ. ಇಲ್ಲದಿದ್ದುದು ಅನುಕೂಲವಾಗಿತ್ತು.

ಒಮ್ಮೆ ಅಕ್ಕನನ್ನೇ ಕೇಳಿದೆ. ಅವಳು ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಗೂಳೂರಿನವ್ರು ಬಂದ ದಿನ ನೀನು ನನ್ನ ಕೇಳ್ದೆಯಲ್ಲ, ನಾನೇನಂದೆ?”

“ಏನೂ ಅನ್ಲಿಲ್ಲ ಕಣೋ. ನಾನು ಕೇಳ್ಲೇ ಇಲ್ಲ. ನಾನೇ ಬೇಡ ಅಂದಿದ್ದು.”

“ಯಾಕೆ ಬೇಡ ಅಂದೆ?”

“ಕುಳ್ಳ ಇದ್ರು.”

“ಅಕ್ಕಾ.”

“ಏನ್ಲಾ ಅಕ್ಕಾ? ಲಾಯರ್ ಥರ ಕೇಳ್ತಾ ಕೂತ್ರೆ ಆಯ್ತಾ? ಎರಡು ಕಾಯಿ ಸುಲಿ.”

ನಾನು ಸುಲಿದೆ. ಅವಳು ಸುಳ್ಳು ಹೇಳುವವಳಲ್ಲ. ಹಾಗಾಗಿ ಒಂದಷ್ಟು ದಿನ ಆ ಭಾನುವಾರವನ್ನೇ ನಾನು ಕಲ್ಪಿಸಿಕೊಂಡಿರಬೇಕು ಎಂದು ನಂಬಲು ನೋಡಿದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಉಪ್ಪಾರಹಳ್ಳಿಯ ಆ ಮನೆ ಬಿಟ್ಟೆವು. ಅಡುಗೆಮನೆಯ ಗೂಟಕ್ಕೆ ಕಾಗದಗಳನ್ನು ಚುಚ್ಚಿಡುವ ಒಂದು ತಂತಿ ನೇತಾಡುತ್ತಿತ್ತು. ಬಂದ ಕಾರ್ಡು, ಮದುವೆಯ ಕರೆಯೋಲೆ, ಕರೆಂಟಿನ ಚೀಟಿ ಎಲ್ಲವೂ ಅದಕ್ಕೇ. ಅಕ್ಕ ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟು, “ಒಲೆಗೆ ಹಾಕು, ಇದ್ನೆಲ್ಲ ಯಾಕೆ ಹೊರೋದು” ಎಂದಳು. ಒಂದೊಂದಾಗಿ ತೆಗೆಯುತ್ತಾ ಹೋದೆ. ಗೂಳೂರಿನ ಕಾರ್ಡು ಸಿಕ್ಕಿತು. ಮೇಷ್ಟ್ರ ತಂದೆಯ ಕೈಬರಹ, ತಾರೀಖು, ‘ಬರುವ ಭಾನುವಾರ’ ಎಂಬ ಮಾತು, ಮೇಲೆ ಅಂಚೆಯ ಮುದ್ರೆ ಸ್ಪಷ್ಟವಾಗಿ. ತಂತಿಯ ತೂತು ಎಲ್ಲ ಕಾಗದಗಳಿಗೂ ಒಂದೇ ಇರುತ್ತದೆ. ಈ ಕಾರ್ಡಿನಲ್ಲಿ ನಾಲ್ಕೈದು ಇದ್ದವು. ಯಾರೋ ಅದನ್ನು ಆಗಾಗ ತೆಗೆದು ಓದಿ ಮತ್ತೆ ಚುಚ್ಚಿಟ್ಟಿದ್ದರು. ಮಿಕ್ಕದ್ದನ್ನು ಒಲೆಗೆ ಹಾಕಿ ಅದೊಂದನ್ನು ಜೇಬಿಗಿಟ್ಟುಕೊಂಡೆ.

ಮುಚ್ಚಿದ ಕಚೇರಿಯ ಕಡತಗಳನ್ನು ತುಮಕೂರಿನ ಇನ್ನೊಂದು ಕಚೇರಿಯ ಹಳೆಯ ದಾಖಲೆಗಳ ಕೋಣೆಗೆ ಸಾಗಿಸಿದ್ದರು. ಅಲ್ಲಿ ಪರಿಚಯದವರೊಬ್ಬರಿದ್ದರು. ಟಪಾಲು ಪುಸ್ತಕ ನೋಡಬೇಕು ಎಂದು ಕೇಳಿದ್ದಕ್ಕೆ, “ಅದ್ರಲ್ಲೇನೈತೆ ಸಾರ್, ಇಲಿ ತಿನ್ಕೊಂಡು ಹೋಗೈತೆ” ಎಂದು ನಗುತ್ತಲೇ ಬಾಗಿಲು ತೆರೆದರು. ಕೋಣೆಯ ಮೂಲೆಯಲ್ಲಿ ಆ ಲೋಹದ ಚೌಕಟ್ಟು ಗೋಡೆಗೆ ಒರಗಿಕೊಂಡಿತ್ತು. ಯಾರೋ ಅದಕ್ಕೆ ಹಗ್ಗ ಕಟ್ಟಿ ಕಡತದ ಗಂಟುಗಳನ್ನು ನೇತುಹಾಕಿದ್ದರು.

ಪುಸ್ತಕವನ್ನು ಇಲಿ ತಿಂದಿರಲಿಲ್ಲ. ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಆ ತಿಂಗಳ ಪುಟ ತೆರೆದೆ. ಹುದ್ದೆಗಳನ್ನು ಭರ್ತಿ ಮಾಡಬಾರದು ಎಂಬ ಪತ್ರ ಕಚೇರಿಗೆ ಬಂದದ್ದು ಆ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ. ಅದರ ನಂಬರು, ವಿಷಯ ಬರೆದಿರುವ ಕೈಬರಹ ನನ್ನದು.